ಎಂಟು ಕೋಟಿ ಜನಕ್ಕೆ ಏಕವಚನ

ಕಳೆದ ನವೆಂಬರ್ ತಿಂಗಳ ಒಂದು ಶನಿವಾರ ರಾತ್ರಿ ಎಂಟೂಕಾಲಕ್ಕೆ, ಗೆರೋ ಡ್ರೋಸ್ಟೆ ಎಂಬುವರು ಇಡೀ ಜರ್ಮನಿ ದೇಶವನ್ನು ಏಕವಚನದಲ್ಲಿ ಮಾತಾಡಿಸಿದರು. ಆ ಹೊತ್ತಿಗೆ ಮಲಗಿಬಿಟ್ಟಿದ್ದವರಿಗೆ ಮಾರನೆಯ ಬೆಳಗಿನ ಮರುಪ್ರಸಾರದಲ್ಲಿ ಅದು ತಲುಪಿತು.

ನಾನು ಕಾಸೆಲ್ ಊರಿನ ಫುಲ್ಡಾ ಕಣಿವೆ ಪ್ರಸಾರ ನಿಗಮದಲ್ಲಿ ಮಂಡಳಿ ಕಾರ್ಯದರ್ಶಿ, ಹೆಸರು ಬೋಲ್ಟೆ. ನನಗೆ ಸುಲಭಕ್ಕೆ ನಗು ಬರುವುದಿಲ್ಲ. ಈ ಹುದ್ದೆಗೆ ಬೇರೆ ಅರ್ಹತೆಯನ್ನೇನೂ ಕೇಳಿರಲಿಲ್ಲ.

ನಮ್ಮಲ್ಲಿ ನೀನು, ನೀವು ಎಂಬುದು ಹುಡುಗಾಟದ ಮಾತಲ್ಲ. 'ನೀವು' ಅನ್ನುವವರ ಹೆಸರಿನ ಮುಂದೆ ಗಂಡಸಾದರೆ ಹೆರ್, ಹೆಂಗಸಾದರೆ ಫ್ರೌ ಸೇರಿಸಬೇಕು. ನನ್ನೆದುರು ಮೇಜಿನ ಫ್ರೌ ಕುಂಕೆಲ್ ಅವರೂ ನಾನೂ ಹದಿನೆಂಟು ವರ್ಷದಿಂದ ಒಂದೇ ಕಿಟಕಿಯ ಗಾಳಿ ಕುಡಿಯುತ್ತಿದ್ದೇವೆ, ಇವತ್ತಿಗೂ 'ನೀವು'. 'ನೀನು' ಆಗಬೇಕಾದರೆ ಹಿರಿಯರು ಮೊದಲು ಬಾಯಿಬಿಟ್ಟು ಕೊಡಬೇಕು, ಕಿರಿಯರು ಒಪ್ಪಬೇಕು. ಆಮೇಲೆ ತೋಳಿಗೆ ತೋಳು ಹೆಣೆದು ಒಂದೊಂದು ಲೋಟ ಕುಡಿಯಬೇಕು. ಒಮ್ಮೆ ಆದದ್ದನ್ನು ವಾಪಸು ಪಡೆಯುವ ಹಾಗಿಲ್ಲ. ಪಡೆದರೆ ಹಗೆ ಸಾರಿದಂತೆ.

ಡ್ರೋಸ್ಟೆಯವರು ಮೀನು ಮಾರುವವರ ಮಗ. ನಾಟಕಶಾಲೆಯಲ್ಲಿ ಓದಿ, ರಂಗದ ಮೇಲೆ ಈಟಿ ಹಿಡಿದು ನಿಲ್ಲುವ ಪಾತ್ರಗಳನ್ನು ಗಂಭೀರವಾಗಿ ನಿಂತು ನಿಭಾಯಿಸಿದರು. ನಂತರ ನಮ್ಮ ಮಕ್ಕಳ ಕಾರ್ಯಕ್ರಮಕ್ಕೆ ಆರು ವಾರದ ಮಟ್ಟಿಗೆ ಬಂದವರು ಇಪ್ಪತ್ತು ವರ್ಷ ಉಳಿದರು. ಬಲಗೈಯಲ್ಲಿ ಒಂದು ಮುಳ್ಳುಹಂದಿ ಗೊಂಬೆ. ದಿನಾ ಸಂಜೆ ಕ್ಯಾಮೆರಾದೊಳಗೆ ಮೂಗು ತೂರಿಸಿ, "ಏಯ್, ಬಂದ್ಯಾ? ಎಲ್ಲೋಗಿದ್ದೆ ಇಷ್ಟೊತ್ತು? ಹಲ್ಲುಜ್ಜಿದ್ಯಾ?" ಎನ್ನುತ್ತಿದ್ದರು. ದೇಶದ ಮಕ್ಕಳೆಲ್ಲ ಮನೆಯಲ್ಲಿ ಕೂತು "ಉಜ್ಜಿದೆ!" ಎಂದು ಕಿರುಚುತ್ತಿದ್ದವು.

ಆ ಮಕ್ಕಳು ದೊಡ್ಡವರಾದರು, ಫಜೀತಿ ಶುರುವಾದದ್ದೇ ಅಲ್ಲಿ. ಬ್ಯಾಂಕಿನವನು, ದಂತವೈದ್ಯೆ, ತೆರಿಗೆ ಇಲಾಖೆಯವನು, ಎಲ್ಲರೂ ಅವರಿಗೆ "ಏನೋ ಗೆರೋ!" ಎಂದೇ ಅನ್ನುವುದು. ಒಮ್ಮೆ ಕ್ಯಾಂಟೀನಿನಲ್ಲಿ ಬಟಾಣಿ ಸೂಪಿನ ಮುಂದೆ ಕೂತು ನನ್ನ ಹತ್ತಿರ ಹೇಳಿಕೊಂಡರು.

"ಬೋಲ್ಟೆಯವರೇ, ನಮ್ಮಪ್ಪನ್ನ ಮಣ್ಣು ಮಾಡೋವಾಗ ಪಾದ್ರಿ ಹೆಗಲ ಮೇಲೆ ಕೈ ಇಟ್ಟು ಏನಂದ ಗೊತ್ತಾ? 'ಅಳಬೇಡ್ವೋ ಗೆರೋ. ಮುಳ್ಳುಹಂದಿ ಎಲ್ಲಿ, ತಂದಿಲ್ವಾ?' ನಂಗೆ ವಯಸ್ಸು ಐವತ್ತೊಂದು ಕಣ್ರೀ."

"ಭಾನುವಾರದ ಪತ್ತೇದಾರಿ ಧಾರಾವಾಹಿ ಸಿಕ್ಕಿದರೆ ಸರಿಹೋಗುತ್ತದಲ್ಲ?" ಎಂದೆ.

"ಅದಕ್ಕೇ ಕಾಯ್ತಿರೋದು. ಪತ್ತೇದಾರನಿಗೆ ಕೊಲೆಗಾರನೂ 'ನೀವು' ಅಂತಾನೆ. ಬಾಯ್ತುಂಬ 'ಹೆರ್ ಡ್ರೋಸ್ಟೆ, ನೀವು' ಅಂತ ಒಬ್ಬ ಅಂದ್ರೆ ಸಾಕು, ಅವನು ಕೊಲೆಗಾರನಾದ್ರೂ ಪರವಾಗಿಲ್ಲ."

ನಿಗಮದ ಮಹಾನಿರ್ದೇಶಕಿ ಡಾಕ್ಟರ್ ವಾಲ್ಬುರ್ಗಾ ರೇಸೆ ಅವರು ಮಾತು ಕೊಟ್ಟಿದ್ದರು. ಶನಿವಾರ ಸಂಜೆ ದೊಡ್ಡವರ ಮನರಂಜನಾ ಕಾರ್ಯಕ್ರಮ ನಡೆಸಿಕೊಟ್ಟು ಅದರಲ್ಲಿ ಗೆದ್ದರೆ, ಭಾನುವಾರದ ಪತ್ತೇದಾರ ಅವರೇ.

ಶನಿವಾರ ಬಂತು. ಹೊಸ ಕೋಟು, ಖಾಲಿ ಬಲಗೈ. ಮುಂದಿನ ಸಾಲಿನಲ್ಲಿ ಸಚಿವರು, ಬಿಷಪ್ಪರು, ಮೂವರು ನ್ಯಾಯಾಧೀಶರು. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಡ್ರೋಸ್ಟೆಯವರು ಗಂಟಲು ಸರಿಮಾಡಿಕೊಂಡು, ಕ್ಯಾಮೆರಾದೊಳಗೆ ಮೂಗು ತೂರಿಸಿ ಅಂದರು:

"ಏಯ್, ಬಂದ್ಯಾ? ಎಲ್ಲೋಗಿದ್ದೆ ಇಷ್ಟೊತ್ತು? ಹಲ್ಲುಜ್ಜಿದ್ಯಾ?"

ಮುಂದಿನ ಸಾಲಿನ ಸಚಿವರು, ಪಾಪ, ಮಕ್ಕಳ ಜೊತೆ ಕೂತು ನೋಡಿದ ಅಭ್ಯಾಸಬಲದಿಂದ "ಉಜ್ಜಿದೆ!" ಎಂದುಬಿಟ್ಟರು. ಅವರ ಹಿಂದೆಯೇ ಬಿಷಪ್ಪರು. ಅವರ ಹಿಂದೆ ಸಭೆಯಿಡೀ. ನಾನು ಮನೆಯಲ್ಲಿದ್ದೆ, ಸುಳ್ಳೇಕೆ, ನಾನೂ ಅಂದೆ. ಗೋಡೆಯಾಚೆ ಪಕ್ಕದ ಮನೆಯವರು ಅಂದದ್ದೂ ಕೇಳಿಸಿತು.

ಮಾರನೆಯ ಬೆಳಗ್ಗೆಯಿಂದಲೇ ಡ್ರೋಸ್ಟೆಯವರ ಫೋನು ಹೊಡೆದುಕೊಳ್ಳತೊಡಗಿತು. 'ನೀನು' ಅನ್ನುವ ಸ್ನೇಹಿತ ಮನೆ ಬದಲಾಯಿಸುವಾಗ ಸಾಮಾನು ಹೊರಲು ಹೋಗಲೇಬೇಕು, ಅದು ನಮ್ಮಲ್ಲಿ ಬಾಡಿಗೆ ಕರಾರಿಗಿಂತ ಗಟ್ಟಿಯಾದ ಕಟ್ಟಳೆ.

"ಗೆರೋ, ಎದ್ಯೇನೋ? ನಾನು ಬ್ರೌನ್‌ಶ್ವೈಗ್‌ನಿಂದ. ಇಲ್ಲ, ನಿಂಗೆ ಪರಿಚಯ ಇಲ್ಲ. ವಾಷಿಂಗ್ ಮಷೀನು ನಾಕನೇ ಮಾಳಿಗೆಯಿಂದ ಇಳಿಸ್ಬೇಕು, ಲಿಫ್ಟ್ ಇಲ್ಲ. ಬಿಯರ್ ಇದೆ, ಆಲೂಗೆಡ್ಡೆ ಸಲಾಡ್ ಇದೆ. ಬೇಗ ಬಾರೋ."

ಅವರು ಹೋದರು. ಒಬ್ಬರಿಗೆ ಹೋಗಿ ಇನ್ನೊಬ್ಬರಿಗೆ ಇಲ್ಲವೆನ್ನಲಾದೀತೇ? ಕ್ರಿಸ್‌ಮಸ್ ಹೊತ್ತಿಗೆ ಅವರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಗಿತ್ತು.

ದೂರುಗಳು ಬಂದದ್ದರಿಂದ ಪ್ರಸಾರ ಮಂಡಳಿ ಸೇರಿತು. ಇದರಲ್ಲಿ ಸಮಾಜದ ಎಲ್ಲ ವರ್ಗಗಳ ಪ್ರತಿನಿಧಿಗಳಿರುತ್ತಾರೆ: ಚರ್ಚಿನವರು, ಪೊಲೀಸರು, ರೈತರು, ಜೇನು ಸಾಕುವವರು.

ಪೊಲೀಸ್ ಸಂಘದವರು ಮೊದಲು ಎದ್ದರು. "ನಮಗೆ ರಸ್ತೇಲಿ ಯಾರಾದ್ರೂ ನೀನು ಅಂದ್ರೆ ಕೇಸ್ ಹಾಕ್ತೀವಿ. ಈ ಮನುಷ್ಯ ಇಲಾಖೆಗೇ ಅಂದಿದಾನೆ."

"ನೀವೇನು ಅಂದ್ರಿ ಆಗ?" ಜೇನು ಸಾಕುವವರ ಪ್ರತಿನಿಧಿ ಕೇಳಿದರು.

"...ಉಜ್ಜಿದೆ ಅಂದೆ."

"ಮತ್ತೇನ್ರೀ! ಅವನು ಕೊಟ್ಟ, ನೀವು ತಗೊಂಡ್ರಿ. ಮುಗೀತು ಕತೆ."

ಡ್ರೋಸ್ಟೆಯವರನ್ನು ಕರೆಸಲಾಯಿತು. ಅವರು ಕೈಮುಗಿಯುವುದೊಂದು ಬಾಕಿ. "ನನ್ನ ಮಾತು ನಾನು ವಾಪಸ್ ತಗೋತೀನಿ. ದಯವಿಟ್ಟು ಎಲ್ಲರೂ ನಂಗೆ ನೀವು ಅನ್ನಿ."

ಕಾನೂನು ಸಲಹೆಗಾರರು ಆಗದೆಂದು ತಲೆಯಾಡಿಸಿದರು. ವಾಪಸು ಪಡೆದರೆ ಎಂಟು ಕೋಟಿ ಜನರ ಮೇಲೆ ಒಬ್ಬ ವ್ಯಕ್ತಿ ಹಗೆ ಸಾರಿದಂತಾಗುತ್ತದೆ, ಅದು ಗೃಹ ಇಲಾಖೆಗೆ ಹೋಗುತ್ತದೋ ರಕ್ಷಣಾ ಇಲಾಖೆಗೋ ಎಂಬ ಬಗ್ಗೆ ಸ್ಪಷ್ಟತೆಯಿಲ್ಲ ಎಂದರು. ಪ್ರಕಟಣೆ ಹೊರಟಿತು:

"ಸಾರ್ವಜನಿಕರ ಗಮನಕ್ಕೆ. ಗೆರೋ ಡ್ರೋಸ್ಟೆ ಎಂಬಾತನು ನೀಡಿದ ಏಕವಚನವನ್ನು ರಾಷ್ಟ್ರವು ಹಲ್ಲುಜ್ಜಿದ ಹೇಳಿಕೆಯ ಮೂಲಕ ಸ್ವೀಕರಿಸಿರುವುದರಿಂದ, ಸದರಿ ಏಕವಚನವು ಇಬ್ಬದಿಗೂ ಆಜೀವ ಊರ್ಜಿತವಾಗಿರುತ್ತದೆ. ತೋಳು ಹೆಣೆದು ಕುಡಿಯುವ ವಿಧಿಯನ್ನು ಸಾರ್ವಜನಿಕರು ತಮ್ಮ ತಮ್ಮ ಖರ್ಚಿನಲ್ಲಿ ಪೂರೈಸಿಕೊಳ್ಳತಕ್ಕದ್ದು."

ಈ ತೀರ್ಮಾನಕ್ಕೆ ಬದ್ಧನಾಗಿ ನಾನೂ ಇಲ್ಲಿಂದ ಮುಂದೆ ಅವನನ್ನು ಅವನು ಎಂದೇ ಬರೆಯುತ್ತೇನೆ.

ರೇಸೆ ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಗೆರೋಗೆ ಪತ್ತೇದಾರನ ಪಾತ್ರ ಸಿಕ್ಕಿತು. ಮೊದಲ ದಿನದ ಚಿತ್ರೀಕರಣದಲ್ಲಿ ಕೊಲೆಗಾರನ ಪಾತ್ರಧಾರಿ ಅವನ ಎದುರು ಕೂತು, "ಹೆರ್ ಡ್ರೋಸ್ಟೆ, ನೀ... ನೀ..." ಎಂದು ತೊದಲಿದ. ಗೆರೋ ಉಸಿರು ಬಿಗಿಹಿಡಿದ. ಎಲ್ಲರೂ ಹಿಡಿದೆವು.

"ಆಗಲ್ಲ ಗೆರೋ," ಎಂದು ಆತ ಅತ್ತುಬಿಟ್ಟ. "ನಿನ್ ಹತ್ರ ಸುಳ್ಳು ಹೇಳಕ್ಕಾಗತ್ತೇನೋ? ನಾನೇ ಕೊಂದಿದ್ದು ಕಣೋ."

ಒಂದೂವರೆ ಗಂಟೆಯ ಕಂತು ಒಂಬತ್ತು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತು ತುಂಬಿಸಲು, ಜೈಲಿಗೆ ಹೋಗುವ ಕೊಲೆಗಾರನ ಮನೆಯ ಸಾಮಾನುಗಳನ್ನು ಗೆರೋ ಹೊರುವುದನ್ನು ತೋರಿಸಲಾಯಿತು. ಜನ ಹುಚ್ಚೆದ್ದು ನೋಡಿದರು. ವಿಮರ್ಶಕರು ಇದನ್ನು ಕೊಲೆಯ ನಂತರದ ಬದುಕಿನ ಶೋಧ ಎಂದು ಕರೆದರು. ರೇಸೆ ಅವರಿಗೆ ಎರಡು ಪ್ರಶಸ್ತಿ ಬಂತು, ನನಗೆ ಹೊಸದಾಗಿ ತೆರೆದ ಸಂಬೋಧನಾ ವಿಭಾಗ ಬಂತು. ಅದರಲ್ಲಿ ಫ್ರೌ ಕುಂಕೆಲ್ ಸೇರಿ ಹನ್ನೊಂದು ಜನ.

ವಿಭಾಗ ಎಂದಮೇಲೆ ಕೆಲಸ ಬೇಕಲ್ಲ? ಹುಡುಕಿದೆವು. ಸರ್ವರಿಗೂ ಸಮಾನ ಸೇವೆ ನಮ್ಮ ನಿಗಮದ ಮೂಲ ನಿಯಮ. ಆದರೆ ಏಕವಚನ ತಲುಪದೆ ಉಳಿದವರು ದೇಶದಲ್ಲಿ ಒಬ್ಬರಿದ್ದರು. ತಾಲ್ಕೆ ಬೋಯ್ಸೆನ್ ಎಂಬ ತೊಂಬತ್ತರ ಅಜ್ಜಿ, ಉತ್ತರ ಸಮುದ್ರದ ಒಂದು ಹುಲ್ಲುದಿಬ್ಬದ ನಡುಗಡ್ಡೆಯಲ್ಲಿ ಕುರಿಗಳೊಂದಿಗೆ ವಾಸ. ಟಿವಿ ಇಲ್ಲ.

"ಅವನನ್ನ ಕರ್ಕೊಂಡು ಹೋಗಿ, ಅಜ್ಜಿಗೆ ಒಂದ್ಸಲ 'ನೀನು' ಅನ್ನಿಸಿಬಿಟ್ಟು ಬನ್ನಿ," ಎಂದರು ರೇಸೆ.

ದೋಣಿಯಲ್ಲಿ ಗೆರೋ ನನ್ನ ತೋಳು ಹಿಡಿದುಕೊಂಡ. "ಬೋಲ್ಟೆ, ಎಂಟು ಕೋಟೀಲಿ ಒಬ್ಬರನ್ನ ನಂಗೆ ಬಿಟ್ಟುಬಿಡೋ. ಒಬ್ಬರೇ ಒಬ್ಬರು. ವರ್ಷಕ್ಕೊಂದ್ಸಲ ಬಂದು 'ನೀವು' ಅನ್ನಿಸ್ಕೊಂಡು ಹೋಗ್ತೀನಿ."

ನಿಯಮದಲ್ಲಿ ಅವಕಾಶವಿಲ್ಲ ಎನ್ನಲು ಬಾಯಿ ತೆರೆದೆ. ಅವನ ಬಾಗಿದ ಬೆನ್ನು ನೋಡಿ ಟಿಪ್ಪಣಿ ಪುಸ್ತಕ ಮುಚ್ಚಿದೆ. "ಹಾಗಾದರೆ ಅಲ್ಲಿ ಬಾಯಿ ಮುಚ್ಚಿಕೊಂಡು ಟೀ ಕುಡಿ. ವಿಳಾಸದಾರರು ಸಿಗಲಿಲ್ಲ ಅಂತ ನಾನು ಬರೆದುಕೊಳ್ತೀನಿ," ಎಂದೆ. ಜೀವಮಾನದಲ್ಲಿ ನಾನು ಮಾಡಹೊರಟ ಏಕೈಕ ಅಕ್ರಮ ಅದು.

ಅಜ್ಜಿ ಬಾಗಿಲು ತೆರೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರು ನೀವು? ಅಯ್ಯೋ, ನಿಮ್ಮ ಕಾಲೆಲ್ಲ ನೆಂದಿದೆಯಲ್ಲ ಸ್ವಾಮಿ. ಒಳಗೆ ಬನ್ನಿ, ಒಲೆ ಹತ್ತಿರ ಕೂತ್ಕೊಳ್ಳಿ. ನಿಮ್ಮ ಹೆಸರು?"

"ಡ್ರೋಸ್ಟೆ," ಎಂದ. ನಾನೂ ನನ್ನ ಹೆಸರು ಹೇಳಿದೆ.

"ತಗೊಳ್ಳಿ ಹೆರ್ ಡ್ರೋಸ್ಟೆ. ಕಲ್ಲುಸಕ್ಕರೆ ಹಾಕಿದೀನಿ, ನಿಮಗೆ ಕೆನೆ ಬೇಕಾ?"

ಅವನು ಎರಡು ಕೈಯಲ್ಲೂ ಕಪ್ಪು ಹಿಡಿದು ಕೂತ. ಅಜ್ಜಿ ನೀವು ಎಂದಾಗಲೆಲ್ಲ ಅವನ ಬೆನ್ನು ಇಷ್ಟಿಷ್ಟೇ ನೆಟ್ಟಗಾಗುತ್ತಿತ್ತು. ನಾನು ಕಣ್ಣಾರೆ ಕಂಡೆ. ಆಕೆ ಅವನ ಹೆಗಲಿಗೆ ಕಂಬಳಿ ಹೊದಿಸಿ, "ನಿಮ್ಮಂಥ ದೊಡ್ಡ ಮನುಷ್ಯರು ನಮ್ಮನೇಗೆ ಬಂದಿರಲ್ಲ," ಎಂದರು. ಅಷ್ಟೇ. ಅವನ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು, ಆನಂದ ತಡೆಯಲಾರದೆ ಆಕೆಯ ಕೈ ಹಿಡಿದುಬಿಟ್ಟ.

"ಅಜ್ಜೀ, ನೀನು ದೇವರು ಕಣೇ!"

ಗೆರೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಅಜ್ಜಿ ಅವನ ಕಪ್ಪು ಎತ್ತಿಟ್ಟರು. "ಹಿರಿಯಳು ನಾನು. ನಾನು ಮೊದಲು ಕೊಡಬೇಕಿತ್ತು. ಹೋಗ್ಲಿ ಬಿಡು, ಕೊಟ್ಟೆ. ಏಳೋ ಮತ್ತೆ, ಸುಮ್ನೆ ಕೂತ್ಯಲ್ಲ! ಉಬ್ಬರದ ನೀರು ಏರ್ತಿದೆ, ಕುರಿ ಮೇಲಕ್ಕೆ ಹೊಡ್ಕೊಂಡು ಬಾ, ಓಡು."

ಅವನು ಎದ್ದ, ಕಂಬಳಿ ಮಡಿಸಿಟ್ಟು ಹೋದ. ನಾನು 'ರಾಷ್ಟ್ರವ್ಯಾಪಿ ಸೇವೆ ಸಂಪೂರ್ಣ' ಎಂದು ಬರೆದುಕೊಂಡೆ. "ನೀವು ಇನ್ನೊಂದು ಕಪ್ಪು ತಗೊಳ್ಳಿ ಹೆರ್ ಬೋಲ್ಟೆ," ಎಂದು ಅಜ್ಜಿ ನನಗೆ ಬಗ್ಗಿಸಿದರು. ಟೀ ಚೆನ್ನಾಗಿತ್ತು.

ಕಿಟಕಿಯಲ್ಲಿ ನೋಡಿದೆ. ಮೊಣಕಾಲುದ್ದ ನೀರಿನಲ್ಲಿ ಗೆರೋ ಒಂದು ಮುದಿ ಟಗರಿನ ಮುಂದೆ ತಲೆಬಾಗಿ ನಿಂತು, "ದಯವಿಟ್ಟು ತಾವು ಮೊದಲು ನಡೀರಿ," ಎನ್ನುತ್ತಿದ್ದ. ಟಗರು ನಡೆಯಿತು. ಕುರಿಗಳಿಗೆ ಸಂಬಂಧಿಸಿದಂತೆ ಸದ್ಯಕ್ಕೆ ಯಾವ ನಿಯಮವೂ ಇಲ್ಲದಿರುವುದರಿಂದ ವಿಭಾಗವು ಇದಕ್ಕೆ ಆಕ್ಷೇಪಿಸಿಲ್ಲ.