ಡಿಕ್ಕಿಯ ತಳದ ಗಿಳಿಹಸಿರು

ಕಳೆದುಹೋದ ಕೊಡೆ ಹುಡುಕುತ್ತ ಕಾರಿನ ಡಿಕ್ಕಿಯ ಚಾಪೆ ಎತ್ತದೆ ಇದ್ದಿದ್ದರೆ ಮುದ್ರೆಮಾಮ ಆ ದಿನವನ್ನೂ ನೆಮ್ಮದಿಯಾಗಿಯೇ ಕಳೆಯುತ್ತಿದ್ದ. ಚಾಪೆಯ ಕೆಳಗೆ ಕೊಡೆ ಇರಲಿಲ್ಲ, ಗಿಳಿಹಸಿರು ಬಣ್ಣವಿತ್ತು. ಆರು ವರ್ಷದ ಹಿಂದೆ ಅವನು ಕೊಂಡಿದ್ದು ಬಿಳಿ ಕಾರು.

ವಿಮಾ ಕಚೇರಿಯಲ್ಲಿ, ಅಪಘಾತವಾದ ವಾಹನಗಳ ಕಡತಕ್ಕೆ 'ಪೂರ್ತಿ ನಷ್ಟ' ಎಂದು ನೇರಳೆ ಮುದ್ರೆ ಒತ್ತುವುದು ಅವನ ಕೆಲಸ. ಹಾಗಾಗಿಯೇ ಆ ಅಡ್ಡಹೆಸರು. ಗಾಡಿ ಮುಟ್ಟಿದರೆ ಸಾಕು, ಅದರ ಜಾತಕ ಹೇಳುತ್ತೇನೆಂದು ಬೀದಿಗೆಲ್ಲ ಕೊಚ್ಚಿಕೊಂಡವನು. ಮಾರನೆಯ ಬೆಳಗ್ಗೆ ಅವನ ಮಗಳು ಇದೇ ಕಾರು ಓಡಿಸಿಕೊಂಡು, ಹೊಸ ಕೆಲಸಕ್ಕೆ ದೂರದ ಊರಿಗೆ ಹೊರಡುವವಳಿದ್ದಳು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯ ಮೇಲಿಂದ ಕತ್ತು ಚಾಚಿದರು. "ಮುಂದಿನರ್ಧ ಒಂದು ಮನೇದು, ಹಿಂದಿನರ್ಧ ಇನ್ನೊಂದು ಮನೇದು. ಯಾರೋ ಸಂಬಂಧ ಕುದುರಿಸಿದಾರೆ" ಎಂದರು. ಮುದ್ರೆಮಾಮ ದಡಾರನೆ ಡಿಕ್ಕಿ ಮುಚ್ಚಿದ. ಮನೆಯೊಳಗಿನಿಂದ ಮಗಳು ಏನು ಸದ್ದೆಂದು ಕೇಳಿದಳು. ಕೊಡೆ ಸಿಗಲಿಲ್ಲ ಎಂದು ಹೇಳಿ ಅದೇ ಕಾರಿನಲ್ಲಿ ಕಚೇರಿಗೆ ಹೊರಟ.

ಕುಳಿತಲ್ಲಿ ಕೂರಲಾಗಲಿಲ್ಲ. ರೆಕಾರ್ಡ್ ರೂಮಿನಾಕೆಯ ಬೆನ್ನು ಬಿದ್ದು ತನ್ನ ಕಾರಿನ ನಂಬರಿನ ಹಳೆಯ ಕಡತ ತೆಗೆಸಿದ. ಎಂಟು ವರ್ಷದ ಹಿಂದೆ ಲಾರಿಯೊಂದು ಹಿಂದಿನಿಂದ ಗುದ್ದಿ, ಆ ಬಿಳಿ ಕಾರಿನ ಹಿಂಭಾಗ ಹಪ್ಪಳವಾಗಿತ್ತು. ಸಹೋದ್ಯೋಗಿಗಳೆಲ್ಲ ಸಾವಿನ ಮನೆಗೆ ಬಂದವರ ಹಾಗೆ ಸುತ್ತ ನಿಂತರು. ಇಂಥದ್ದನ್ನು ಮತ್ತೆ ರಸ್ತೆಗೆ ಬಿಟ್ಟ ಪುಣ್ಯಾತ್ಮ ಯಾರೋ ಎಂದು ಒಬ್ಬರು ಕೇಳಿದರು. ಅವನನ್ನು ಮೊದಲು ಮನೆಗೆ ಕಳಿಸಬೇಕು ಎಂದು ಎಲ್ಲರಿಗಿಂತ ಜೋರಾಗಿ ಹೇಳಿದವನು ಮುದ್ರೆಮಾಮನೇ. ಕೊನೆಯ ಹಾಳೆ ತಿರುವುವಷ್ಟೂ ತಾಳ್ಮೆಯಿಲ್ಲದೆ ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಾರು ಮಾರಿದ್ದ ದಲ್ಲಾಳಿಯತ್ತ ಹೊರಟ. ದಾರಿಯುದ್ದಕ್ಕೂ ಹಿಂದಿನರ್ಧ ಜೊತೆಗೇ ಬರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ.

ದಲ್ಲಾಳಿ ಕುರ್ಚಿ ಒರೆಸಿ ಕೂರಿಸಿದ. ಬೈಗುಳವೆಲ್ಲ ಮುಗಿಯುವತನಕ ಕಾದು, "ಕೊನೇ ಹಾಳೆ ನೋಡಿದ್ರಾ ಸಾರ್?" ಎಂದು ಕೇಳಿದ.

ಕೊನೆಯ ಹಾಳೆಯಲ್ಲಿ ನೇರಳೆ ಮುದ್ರೆಯಿತ್ತು. ಅದರಡಿ ಮುದ್ರೆಮಾಮನದೇ ಸಹಿ. ಪಕ್ಕದಲ್ಲಿ 'ಮತ್ತೆ ರಸ್ತೆಗಿಳಿಯಕೂಡದು' ಎಂಬ ಖಾನೆ ಖಾಲಿ. ಆ ಖಾನೆಗೆ ಗುರುತು ಹಾಕುವುದು ಹಾನಿ ನೋಡಲು ಹೋಗುವ ಸರ್ವೇಯರ್ ಕೆಲಸವೆಂದು ಇವನು, ಇವನ ಕೆಲಸವೆಂದು ಸರ್ವೇಯರ್, ಇಬ್ಬರೂ ಹನ್ನೆರಡು ವರ್ಷದಿಂದ ನಂಬಿಕೊಂಡಿದ್ದರು.

"ಆ ಖಾನೆ ಖಾಲಿ ಇರೋ ಗಾಡಿನೇ ನಾನು ತಗೊಂಡು ಅರ್ಧರ್ಧ ಬೆಸೆದು ರಿಪೇರಿ ಮಾಡ್ಸೋದು. ನಿಮ್ಮಿಂದ ನಮ್ಮನೇಲಿ ಒಲೆ ಉರೀತಿದೆ ಸಾರ್."

"ಕೊಳ್ಳೋವಾಗ ಒಂದು ಮಾತು ಹೇಳಬಾರದಿತ್ತೇನಯ್ಯ?"

"ನೀವು ಮುದ್ರೆ ಒತ್ತಿದ್ದನ್ನ ನಿಮಗೇ ಹೇಳೋದಾ? ಗೊತ್ತಿದ್ದೇ ತಗೊಳ್ತಿದೀರಿ ಅಂದ್ಕೊಂಡೆ."

ಮುದ್ರೆಮಾಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತನ್ನ ಕಾರಿಗೆ ಹಿಂದಿನರ್ಧ ಕೊಟ್ಟ ಆ ಹಸಿರು ಗಾಡಿಯ ಮುಂದಿನರ್ಧ ಏನಾಯಿತೆಂದು ಕೇಳಿದ. ಪೆಟ್ಟು ಬಿದ್ದಿದ್ದು ನಡುವಿಗೆ ಮಾತ್ರ, ಎಂಜಿನ್ನು ಗಟ್ಟಿಯಿತ್ತು, ಎಲ್ಲೋ ಓಡಾಡಿಕೊಂಡಿರಬೇಕು ಎಂದ ದಲ್ಲಾಳಿ. ಕೊನೆಗೆ ಮಗಳಿಗಾಗಿ ನಾಚಿಕೆ ಬಿಟ್ಟು, ಈ ಅಂಗಳದಲ್ಲಿ ತನ್ನ ಮುದ್ರೆ ಬೀಳದ ಗಾಡಿ ಒಂದಾದರೂ ಇದ್ದರೆ ಬದಲಿಗೆ ಕೊಡು ಎಂದು ಅಂಗಲಾಚಿದ. ದಲ್ಲಾಳಿ ಸುತ್ತಲೂ ಕಣ್ಣಾಡಿಸಿ, ಗೋಡೆಗೊರಗಿಸಿದ್ದ ಸೈಕಲ್ಲಿನತ್ತ ಕೈ ತೋರಿಸಿದ.

"ಅದೊಂದೇ ಸಾರ್. ಅದನ್ನ ಮಾತ್ರ ಕೇಳಬೇಡಿ, ನಾನು ಓಡಾಡೋದು ಅದರಲ್ಲೇ."

ಕಾರನ್ನು ಅಲ್ಲೇ ಬಿಟ್ಟು ಮುದ್ರೆಮಾಮ ಕಾಲೆಳೆದುಕೊಂಡು ಮನೆಗೆ ಬಂದ. ಮಾನ ಹೋದರೆ ಹೋಗಲಿ, ಮಗಳು ಉಳಿಯಲಿ ಎಂದುಕೊಂಡು ಎಲ್ಲವನ್ನೂ ಹೇಳಿ, ಬಸ್ಸಿನಲ್ಲಿ ಹೋಗು ಎಂದ. ಮಗಳು ಮುನಿಯಲಿಲ್ಲ. ಅರ್ಧ ಕತೆಯನ್ನು ಮೇಷ್ಟ್ರು ಬೆಳಗ್ಗೆಯೇ ಹೇಳಿಯಾಗಿತ್ತಂತೆ.

"ಬಸ್ಸೂ ಬೇಡಪ್ಪ. ಗೆಳತಿಗೂ ಅಲ್ಲೇ ಕೆಲಸ ಸಿಕ್ಕಿದೆ, ಅವಳ ಕಾರಲ್ಲೇ ಹೋಗ್ತೀನಿ."

ಮುದ್ರೆಮಾಮ ಆ ದಿನ ಮೊದಲ ಸಲ ನಿರಾಳವಾಗಿ ಉಸಿರುಬಿಟ್ಟ. ಅಷ್ಟರಲ್ಲಿ ಗೇಟಿನ ಬಳಿ ಹಾರ್ನ್ ಕೇಳಿಸಿತು. ಥಳಥಳಿಸುವ ಕೆಂಪು ಕಾರಿನಿಂದ ಗೆಳತಿ ಇಳಿದು ಬಂದಳು.

"ನಮಸ್ಕಾರ ಅಂಕಲ್. ಹೋದ ವಾರ ತಗೊಂಡೆ. ನಿಮ್ಮ ಕಾರು ಆರು ವರ್ಷದಿಂದ ಚೆನ್ನಾಗಿದೆ ಅಂತ, ನೀವು ತಗೊಂಡ ಕಡೇನೇ ತಗೊಂಡೆ."

ಮುದ್ರೆಮಾಮ ಚಪ್ಪಲಿಯನ್ನೂ ಮೆಟ್ಟದೆ ಹೋಗಿ ಕೆಂಪು ಕಾರಿನ ಮುಂದಿನ ಬಾಗಿಲು ತೆಗೆದು, ಕಾಲಡಿಯ ಚಾಪೆ ಎತ್ತಿದ. ಬೆಳಗ್ಗೆ ಕಂಡಿದ್ದ ಅದೇ ಗಿಳಿಹಸಿರು ಅಲ್ಲಿತ್ತು.