ತಮ್ಮನ ಕಣ್ಣು, ತಮ್ಮ ಕಣ್ಣು

ಆರೋಗ್ಯ ಇಲಾಖೆಯ ನಿರ್ದೇಶಕರ ಘನ ಸನ್ನಿಧಿಗೆ,

ಮಾನ್ಯರೇ,

ಮೂವತ್ತೈದು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿ ನಿವೃತ್ತಳಾಗಿ, ಈಗ ಅಂಗಡಿಗಳ ನಾಮಫಲಕಗಳನ್ನು ಮಾತ್ರ ಮನಸ್ಸಿನಲ್ಲೇ ತಿದ್ದಿಕೊಂಡಿರುವ ಈ ಶಿಕ್ಷಕಿಯ ಸವಿನಯ ವಂದನೆಗಳು. ತಾವು ಕುಶಲವೆಂದು ನಂಬಿದ್ದೇನೆ. ಅದರಲ್ಲೂ ತಮ್ಮ ಎಡಗಣ್ಣು ಕುಶಲವೆಂದು ಬಲವಾಗಿ ನಂಬಿದ್ದೇನೆ. ಅದೊಂದನ್ನೇ ಏಕೆ ವಿಚಾರಿಸಿದೆನೆಂಬುದು ಮುಂದೆ ತಿಳಿಯುತ್ತದೆ.

ಮೊದಲಿಗೆ ಅಭಿನಂದನೆ. ನಮ್ಮದೂ ಸೇರಿ ಹನ್ನೊಂದು ಸಿರಿವಂತ ದೇಶಗಳು ಆರೋಗ್ಯಕ್ಕೆಂದು ಎಷ್ಟು ವೆಚ್ಚ ಮಾಡುತ್ತವೆ, ಆ ವೆಚ್ಚದಿಂದ ಜನರಿಗೆ ಏನು ದಕ್ಕುತ್ತದೆ ಎಂದು ಹೋಲಿಸಿ ನೋಡಿದ ವರದಿಯನ್ನು ತಮ್ಮ ಇಲಾಖೆ ನುಣುಪಾದ ಕಾಗದದಲ್ಲಿ ಅಚ್ಚುಹಾಕಿಸಿ ಕಣ್ಣಾಸ್ಪತ್ರೆಯ ಕಾಯುವ ಕೋಣೆಯಲ್ಲಿ ಇರಿಸಿದೆ. ಆ ಕೋಣೆಯಲ್ಲಿ ನಾನು ಒಟ್ಟು ಇಪ್ಪತ್ತಾರು ಗಂಟೆ ಕುಳಿತಿರುವುದರಿಂದ ಅದನ್ನು ಅಡಿಟಿಪ್ಪಣಿ ಸಹಿತ ಮೂರು ಬಾರಿ ಓದಿದ್ದೇನೆ, ಒಮ್ಮೆ ಕೆಂಪು ಶಾಯಿಯ ಲೇಖನಿ ಹಿಡಿದು. ಮುನ್ನುಡಿಯಲ್ಲಿ ತಾವು ‘ನಮ್ಮ ದೇಶಕ್ಕೆ ಪ್ರಥಮ ಸ್ಥಾನ’ ಎಂದು ಹೆಮ್ಮೆಪಟ್ಟಿದ್ದೀರಿ. ನಿಜ, ವೆಚ್ಚದ ಅಂಕಣದಲ್ಲಿ ನಾವೇ ಪ್ರಥಮರು. ಆಯುಸ್ಸಿನ ಅಂಕಣದಲ್ಲಿ, ಸಕಾಲಕ್ಕೆ ಚಿಕಿತ್ಸೆ ಸಿಕ್ಕಿದ್ದರೆ ಉಳಿಯಬಹುದಾಗಿದ್ದವರ ಅಂಕಣದಲ್ಲಿ, ಸರದಿ ಕಾಯುವ ಅಂಕಣದಲ್ಲಿ ನಾವು ಹನ್ನೊಂದನೆಯವರು. ಪರೀಕ್ಷೆಯಲ್ಲಿ ಎದ್ದೆದ್ದು ನಿಂತು ಎಲ್ಲರಿಗಿಂತ ಹೆಚ್ಚು ಹೆಚ್ಚುವರಿ ಹಾಳೆ ಪಡೆದು, ದಾರ ಕಟ್ಟಿ ಒಪ್ಪಿಸಿ, ಎಲ್ಲರಿಗಿಂತ ಕಡಿಮೆ ಅಂಕ ತೆಗೆಯುವ ವಿದ್ಯಾರ್ಥಿನಿಯರನ್ನು ನಾನು ಬಲ್ಲೆ. ಆದರೆ ಹಾಳೆಯ ಲೆಕ್ಕದಲ್ಲಿ ತಾನೇ ಮೊದಲಿಗಳೆಂದು ಮುನ್ನುಡಿ ಬರೆದವಳನ್ನು ಈವರೆಗೆ ಕಂಡಿರಲಿಲ್ಲ.

ಪಟ್ಟಿಯ ನಾಲ್ಕನೆಯ ಸಾಲಿನಲ್ಲಿರುವ ದೇಶ ನಮ್ಮ ಅರ್ಧದಷ್ಟು ವೆಚ್ಚ ಮಾಡುತ್ತದೆ, ಅಲ್ಲಿ ಕಣ್ಣಿನ ಪೊರೆ ತೆಗೆಸಲು ಆರು ವಾರ ಕಾದರೆ ಸಾಕಂತೆ. ಪಾಪ, ಅವರ ಆಸ್ಪತ್ರೆಯಲ್ಲಿ ನೋಂದಣಿಗೆ ಇರುವುದು ಒಂದೇ ಮೇಜು. ನಮ್ಮಲ್ಲಿ ಐದು ಕೌಂಟರುಗಳು: ಮೊದಲನೆಯದು ಅರ್ಜಿ ಪಡೆಯುತ್ತದೆ, ಎರಡನೆಯದು ಅದನ್ನು ಕಂಪ್ಯೂಟರಿಗೆ ಏರಿಸುತ್ತದೆ, ಎರಡನೆಯದು ಏರಿಸಿತೇ ಎಂದು ಮೂರನೆಯದು ನೋಡುತ್ತದೆ, ಮೂರನೆಯದು ನೋಡಿತೆಂದು ನಾಲ್ಕನೆಯದು ಮೊಹರು ಒತ್ತುತ್ತದೆ, ಐದನೆಯದು ಊಟಕ್ಕೆ ಹೋಗಿರುತ್ತದೆ. ಇವೆಲ್ಲದರ ಹಿಂದೆ ಒಬ್ಬರೇ ಒಬ್ಬ ವೈದ್ಯೆ ಇದ್ದಾರೆ. ಬಾಗಿಲ ಸಂದಿಯಿಂದ ಕಂಡೆ, ನಿಂತೇ ಚಹಾ ಕುಡಿಯುತ್ತಿದ್ದರು.

ನನ್ನ ತಮ್ಮ ದರ್ಜಿ. ಅವನ ಬಲಗಣ್ಣು ಹುಟ್ಟಿನಿಂದಲೇ ಮಂದ, ನಂಬಿಕೊಂಡಿದ್ದ ಎಡಗಣ್ಣಿಗೆ ಪೊರೆ ಬಂದಿದೆ. ದಿನಾ ಬೆಳಿಗ್ಗೆ ನಾನು ಮೂವತ್ತು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಬರುತ್ತೇನೆ. ಮಧ್ಯಾಹ್ನಕ್ಕೆ ಅವು ಮುಗಿಯುತ್ತವೆ, ಆಮೇಲೆ ಅವನು ಅಳತೆಪಟ್ಟಿಯನ್ನು ಸುತ್ತುತ್ತ ಬಿಚ್ಚುತ್ತ ಕೆಲಸವಿದ್ದವನಂತೆ ಕುಳಿತಿರುತ್ತಾನೆ. ಕಳೆದ ವಾರ ನನಗೆ ಹೊಲಿದ ಅಂಗಿಯ ಬಲತೋಳು ಎರಡು ಬೆರಳು ಉದ್ದವಾಗಿತ್ತು. ‘ತಪ್ಪು ನಂದಲ್ಲ ಅಕ್ಕ, ಬೆತ್ತ ಹಿಡಿದೂ ಹಿಡಿದೂ ನಿನ್ನ ಕೈಯೇ ಉದ್ದ ಆಗಿದೆ ಅಂದ್ಕೊಂಡೆ’ ಎಂದು ನಕ್ಕ. ನಗು ಅವನದು ಮೊದಲಿನಂತೆಯೇ ಇದೆ, ಗಿರಾಕಿಗಳು ಇಲ್ಲ. ಈ ವರ್ಷ ದಾಟಿದರೆ ಅಂಗಡಿಯ ಬಾಗಿಲು ಮುಚ್ಚಬೇಕಾಗುತ್ತದೆ.

ಹದಿನಾಲ್ಕು ತಿಂಗಳ ಹಿಂದೆ ತಮಗೆ ಅರ್ಜಿ ಬರೆದೆ: ‘ಮಾನ್ಯ ನಿರ್ದೇಶಕರೇ, ತಮ್ಮನ ಎಡಗಣ್ಣಿಗೆ ಪೊರೆ ಬಂದಿರುವುದರಿಂದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಬೇಕು.’ ಎರಡನೆಯ ಕೌಂಟರು ಇದನ್ನು ಏರಿಸುವಾಗ ಒಂದು ನಕಾರ ಜಾರಿ ಕೆಳಗೆ ಬಿತ್ತು. ‘ತಮ್ಮನ ಎಡಗಣ್ಣು’ ಹೋಗಿ ‘ತಮ್ಮ ಎಡಗಣ್ಣು’ ಆಯಿತು. ಮೂರನೆಯದು ನೋಡಿತು, ನಾಲ್ಕನೆಯದು ಒತ್ತಿದ ಮೊಹರು ನನ್ನ ತಮ್ಮನ ಹೆಸರಿನ ಮೇಲೆಯೇ ಬಿತ್ತು. ನಿರ್ದೇಶಕರಿಗೆ ಬರೆದ ಕಾಗದದಲ್ಲಿ ‘ತಮ್ಮ’ ಎಂದರೆ ನಿರ್ದೇಶಕರೇ ತಾನೆ? ಹೀಗೆ ಪೊರೆಯು ನನ್ನ ತಮ್ಮನ ಕಣ್ಣಿನಿಂದ ತಮ್ಮ ಕಣ್ಣಿಗೆ ವರ್ಗವಾಯಿತು. ಇಷ್ಟು ಶೀಘ್ರವಾಗಿ, ಹನಿ ರಕ್ತ ಬೀಳದಂತೆ ಪೊರೆ ತೆಗೆದ ಉದಾಹರಣೆ ಉಳಿದ ಹತ್ತು ದೇಶಗಳಲ್ಲಿ ಇರಲಾರದು.

ಕಳೆದ ಸೋಮವಾರ ನಾವಿಬ್ಬರೂ ವಿಚಾರಿಸಲು ಹೋದಾಗ, ಊಟದಿಂದ ಮರಳಿದ್ದ ಐದನೆಯ ಕೌಂಟರಿನ ಗುಮಾಸ್ತರು ಪರದೆ ನೋಡಿ, ‘ಅಮ್ಮಾ, ಇದು ಡೈರೆಕ್ಟರ್ ಸಾಹೇಬರ ಕಣ್ಣು. ಡೇಟ್ ಕೊಟ್ಟಿದ್ವಿ, ಅವರೇ ಬರಲಿಲ್ಲ, ಗೈರುಹಾಜರು ಅಂತ ಹಾಕಿದ್ದೀವಿ. ನಿಮ್ಮವರ ಹೆಸರಲ್ಲಿ ಅರ್ಜಿನೇ ಇಲ್ಲ, ಹೊಸದಾಗಿ ಹಾಕಿ, ಇನ್ನು ಹದಿನಾಲ್ಕು ತಿಂಗಳು’ ಎಂದರು. ನಾನು ಪರದೆಯತ್ತ ಬಗ್ಗಿ, ನಕಾರ ಬಿದ್ದುಹೋದ ಜಾಗವನ್ನು ಕಂಡುಹಿಡಿದೆ. ನನ್ನ ತಮ್ಮ ಮಾತ್ರ, ‘ಪಾಪ, ಸಾಹೇಬರಿಗೆ ಬೇಗ ವಾಸಿಯಾಗಲಿ’ ಎಂದ.

ಆದ್ದರಿಂದ ನನ್ನ ಬಿನ್ನಹವಿಷ್ಟೆ. ಆ ಪೊರೆಯನ್ನು ತಾವು ಇಟ್ಟುಕೊಳ್ಳಲು ಇಚ್ಛಿಸುವುದಾದರೆ, ಅದರ ಮಸುಕನ್ನೂ ಜೊತೆಗೇ ಇಟ್ಟುಕೊಂಡು ನನ್ನ ತಮ್ಮನಿಗೆ ಬೆಳಕನ್ನು ಹಿಂದಿರುಗಿಸಬೇಕು. ಅದು ನಿಯಮಕ್ಕೆ ಒಗ್ಗದಿದ್ದರೆ ನಮ್ಮ ಅಂಗಡಿಯನ್ನು, ಹೊಲಿಗೆಯಂತ್ರ ಮತ್ತು ಇಸ್ತ್ರಿಪೆಟ್ಟಿಗೆ ಸಹಿತ, ಆರು ವಾರಗಳ ಮಟ್ಟಿಗೆ ಪಟ್ಟಿಯ ನಾಲ್ಕನೆಯ ಸಾಲಿಗೆ ಸ್ಥಳಾಂತರಿಸಬೇಕು. ಅದೂ ಆಗದಿದ್ದರೆ ಬಿದ್ದುಹೋದ ಆ ಒಂದು ನಕಾರವನ್ನು ತಾವೇ ಕೈಯಾರೆ ಸೇರಿಸಿ ಸಹಿ ಹಾಕಬೇಕು. ನಕಾರಕ್ಕೆ ತಮ್ಮ ಇಲಾಖೆಯಲ್ಲಿ ಎಂದೂ ಬರ ಬಂದದ್ದಿಲ್ಲವಾದ್ದರಿಂದ ಒಂದನ್ನು ಬಿಟ್ಟುಕೊಡುವುದು ಹೊರೆಯಾಗಲಾರದು.

ತಿದ್ದುಪಡಿಯನ್ನು ಎದುರುನೋಡುತ್ತಿರುವ,
ತಮ್ಮ ವಿಶ್ವಾಸಿ
(ಇಲ್ಲಿ ನಕಾರ ಬಿಟ್ಟುಹೋಗಿಲ್ಲ),
ದರ್ಜಿಯ ಅಕ್ಕ

ಮರೆತ ಮಾತು: ಹಿರಿಯ ಅಧಿಕಾರಿಗಳು ಗೈರುಹಾಜರಾದರೆ ಕಂಪ್ಯೂಟರು ತಾನಾಗಿಯೇ ಇನ್ನೊಂದು ದಿನ ಕೊಡುತ್ತದೆಂದು ಆ ಗುಮಾಸ್ತರೇ ಮೆಲ್ಲಗೆ ತಿಳಿಸಿದರು. ತಮ್ಮ ಎಡಗಣ್ಣಿಗೆ ಬರುವ ಗುರುವಾರ ಹತ್ತು ಗಂಟೆ ಗೊತ್ತಾಗಿದೆ. ಅಂದು ತಮ್ಮನ್ನು ಕೂಗಿದಾಗ ನನ್ನ ತಮ್ಮ ‘ಹಾಜರು’ ಎನ್ನುತ್ತಾನೆ. ಸ್ಪಷ್ಟವಾಗಿ ಉಚ್ಚರಿಸಲು ಅಭ್ಯಾಸ ಮಾಡಿಸಿದ್ದೇನೆ. ವೈದ್ಯೆಗೂ ಬಾಗಿಲ ಸಂದಿಯಿಂದಲೇ ವಿಷಯ ಹೇಳಿದೆ. ‘ಯಾರ ಹೆಸರಾದ್ರೂ ಇರಲಿ, ಪೊರೆ ಇರೋರು ಬಂದ್ರೆ ತೆಗೀತೀನಿ’ ಎಂದರು. ತಾವು ಮಾತ್ರ ದಯಮಾಡಿ ಬರಬಾರದು. ಗೈರುಹಾಜರಿಯಲ್ಲಿ ತಮ್ಮ ಫಲಿತಾಂಶ ಈವರೆಗೆ ನೂರಕ್ಕೆ ನೂರು. ‘ಹೀಗೆ ಬಹಿರಂಗವಾಗಿ ಬರೆದ್ರೆ ಅವರಿಗೆ ಗೊತ್ತಾಗಲ್ವಾ ಅಕ್ಕ?’ ಎಂದು ತಮ್ಮ ಹೆದರುತ್ತಿದ್ದಾನೆ. ಈ ಪತ್ರ ಐದು ಕೌಂಟರುಗಳನ್ನು ದಾಟಿ ತಮ್ಮ ಮೇಜಿಗೆ ಬರುವಷ್ಟರಲ್ಲಿ ಅವನ ಕಣ್ಣಿನ ಪಟ್ಟಿ ಬಿಚ್ಚಿ ಹದಿಮೂರು ತಿಂಗಳಾಗಿರುತ್ತದೆಂದು ಧೈರ್ಯ ಹೇಳಿದ್ದೇನೆ.