ಮುಗಿಯದ ರಾಗಕ್ಕೊಂದು ಪ್ಲೈವುಡ್ ಗೋಡೆ

ನನ್ನ ಇಯರ್‌ಫೋನಿನ ಎಡಗಿವಿಯ ಬಿಳಿ ರಬ್ಬರಿನ ಮೇಲೆ ಅರಿಶಿಣದ ಕಲೆಯೊಂದಿದೆ. ಹೆಸರುಕಾಳಿನಷ್ಟು ಗಾತ್ರ, ಅಂಚಿನಲ್ಲಿ ತುಸು ಕಿತ್ತಳೆ. ನಾನು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಲೆ ತೆಗೆಯುವ ನಾಲ್ಕಾರು ದಾರಿಗಳು ನನಗೆ ಗೊತ್ತು, ಬೇಕಾದ ದ್ರವಗಳೆಲ್ಲ ಕೈಗೆಟುಕುವ ಕಪಾಟಿನಲ್ಲೇ ಇವೆ. ಆದರೂ ತೆಗೆದಿಲ್ಲ. ಯಾಕೆಂದು ಹೇಳಬೇಕಾದರೆ ನಾನು ಇಷ್ಟು ವರ್ಷ ಯಾರಿಗೂ ಹೇಳದ ವಿಷಯದಿಂದಲೇ ಶುರುಮಾಡಬೇಕು.

ಎಲ್ಲರಿಗೂ ಹೇಳಿಕೊಳ್ಳಲಾಗದ ಒಂದು ರುಚಿ ಇರುತ್ತದೆ. ನನ್ನ ಗೆಳತಿಯೊಬ್ಬಳು ಈಗಲೂ ಬಳಪ ತಿನ್ನುತ್ತಾಳೆ. ನನ್ನದು ವಿಡಿಯೋ ಗೇಮಿನ ಸಂಗೀತ. ಆಟವಲ್ಲ, ಆಟದ ಹಿಂದೆ ನುಡಿಯುವ ಸಂಗೀತ. ಆಟದಲ್ಲಿ ನಾನು ತೀರಾ ಸಾಧಾರಣ. ಮೊದಲ ಸೇತುವೆಯಲ್ಲೇ ಬಿದ್ದು ಸಾಯುವವಳು. ಆದರೆ ಬೀಳುವಾಗಲೂ ಹಿನ್ನೆಲೆಯಲ್ಲಿ ಕೊಳಲು ಯಾವ ಸ್ವರದಲ್ಲಿತ್ತು ಎಂದು ಗಮನಿಸಿರುತ್ತೇನೆ. ಇಪ್ಪತ್ತಾರು ವರ್ಷದ, ಎಂ.ಎಸ್ಸಿ. ಮುಗಿಸಿದ, ಮಾತು ಕಡಿಮೆ ಎಂದು ಹೆಸರಾದ ಹೆಣ್ಣುಮಗಳು ಇದನ್ನು ಯಾರಿಗೆ ಹೇಳಬೇಕು? ಕಿವಿಯಲ್ಲಿ ಇಯರ್‌ಫೋನು, ಮುಖದಲ್ಲಿ ಗಾಂಭೀರ್ಯ ಕಂಡ ನೆಂಟರು ತಮಗೆ ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು: ವಿಜಿ ಸರಕಾರಿ ಪರೀಕ್ಷೆಗೆ ಆನ್‌ಲೈನ್ ಕ್ಲಾಸು ಕೇಳುತ್ತಾಳೆ. ನಾನು ಹೌದೆಂದಿರಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ನಮ್ಮೂರು ಕೊಡ್ಲಿ. ಕೆಲಸ ಸೇಡಮ್ಮಿನಲ್ಲಿ ಸಿಕ್ಕಿದಾಗ, ರೂಮು ಸಿಗುವವರೆಗೆ ಎಂದು ದೊಡ್ಡವ್ವನ ಮನೆಗೆ ಬಂದೆ. ಅವ್ವನ ಅಕ್ಕ, ಗಂಗಮ್ಮ. ಬಂದು ಎರಡು ವರ್ಷವಾಯಿತು. ಅವಳು ಅಡುಗೆಮನೆಯ ಪಕ್ಕದ ಪಡಸಾಲೆಗೆ ಅಡ್ಡಲಾಗಿ ಪ್ಲೈವುಡ್ ಹಲಗೆ ಹೊಡೆಸಿ ನನಗೊಂದು ಕೋಣೆ ಮಾಡಿಕೊಟ್ಟಳು. ಹಲಗೆಯ ಆಚೆ ಒಗ್ಗರಣೆ ಸಿಡಿದರೆ ಈಚೆ ನಾನು ಸೀನುತ್ತೇನೆ. ಈಚೆ ನಾನು ಮಗ್ಗುಲು ಬದಲಿಸಿದರೆ ಆಚೆಯಿಂದ "ಎದ್ದೇನವ್ವಾ? ಚಾ ಇಡ್ಲೇನು?" ಎಂದು ಕೇಳುತ್ತದೆ. ದೊಡ್ಡಪ್ಪ ವಾಡಿಯಲ್ಲಿ ರೈಲ್ವೆ ಕೆಲಸಕ್ಕೆ ಹೋಗುತ್ತಾರೆ. ಎಂಜಿನ್ನಿನ ಸದ್ದಿಗೆ ಅವರ ಒಂದು ಕಿವಿ ಮಂದವಾಗಿದೆ. ಆ ಮನೆಯಲ್ಲಿ ಪೂರ್ತಿ ಏಕಾಂತ ಇರುವುದು ಅವರೊಬ್ಬರಿಗೇ. ದೊಡ್ಡವ್ವನಿಗೂ ಒಂದು ವಿಚಿತ್ರ ರೂಢಿಯಿತ್ತು. ಸಂಜೆ ಧಾರಾವಾಹಿಗಳನ್ನೆಲ್ಲ ಸದ್ದು ಬಂದ್ ಮಾಡಿ ನೋಡುತ್ತಿದ್ದಳು. ಅತ್ತೆ ಒಮ್ಮೆ ಕಣ್ಣು ಬಿಟ್ಟರೆ ಮೂರು ಸಲ ಗುಡುಗು ಬಾರಿಸುವ ಆ ಸಂಗೀತ ನನಗೂ ಆಗದು. ಹೀಗಾಗಿ, ಈ ಮನೆಯಲ್ಲಿ ನನ್ನ ಹಾಗೆ ಒಳ್ಳೆಯ ಕಿವಿಯಿರುವ ಇನ್ನೊಬ್ಬಳಿದ್ದಾಳೆ ಎಂದು ಸಂತೋಷಪಟ್ಟು ಸುಮ್ಮನಾಗಿದ್ದೆ.

ಗೇಮಿನ ಸಂಗೀತದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯಗಳಿವೆ. ಕೇಳುವವರು ಯಾರೂ ಇಲ್ಲದ್ದರಿಂದ ಅವು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಖಚಿತವಾಗಿವೆ. ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ಎಲ್ಲ ಮೊದಲೇ ಗೊತ್ತು: ನಾಯಕ ಯಾವ ಗಳಿಗೆಗೆ ಬಾಗಿಲು ಒದೆಯುತ್ತಾನೆ, ನಾಯಕಿ ಎಲ್ಲಿ ಅಳುತ್ತಾಳೆ. ಗೇಮಿಗೆ ಸಂಗೀತ ಮಾಡುವವರಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ನನ್ನಂಥವಳೊಬ್ಬಳು ಒಂದು ಸೇತುವೆ ದಾಟಲಾರದೆ ವಾರವಿಡೀ ಬೀಳುತ್ತಿದ್ದರೆ, ಅರ್ಧ ನಿಮಿಷದ ಅದೇ ರಾಗ ಬೇಸರ ಬಾರದಂತೆ ವಾರವಿಡೀ ಜೊತೆಗಿರಬೇಕು. ಹಳೆಯ ಕಾಲದವರ ಮೇಲೆ ನನಗೆ ಗೌರವ ಹೆಚ್ಚು. ಅವರ ಕೈಯಲ್ಲಿದ್ದದ್ದು ಮೂರೋ ನಾಲ್ಕೋ ಕೀಚಲು ಸದ್ದು. ಜೋಳದ ಹಿಟ್ಟು, ಉಪ್ಪು, ಒಣಮೆಣಸಿನಕಾಯಿಯಲ್ಲೇ ಹಬ್ಬದೂಟ ಬಡಿಸಿದರು. ಈಗಿನ ಕೆಲವರಿಗೆ ನೂರು ಪಿಟೀಲು ಸಿಗುತ್ತವೆ, ಅರ್ಥವಾಗದ ಭಾಷೆಯಲ್ಲಿ ಚೀರುವ ಹಾಡುಗಾರರ ಗುಂಪೂ ಸಿಗುತ್ತದೆ. ರಾಕ್ಷಸ ಬಂದನೆಂದರೆ ಎಲ್ಲವನ್ನೂ ಒಮ್ಮೆಗೇ ಬಾರಿಸುತ್ತಾರೆ. ಆ ರಾಕ್ಷಸ ಕತ್ತಿಯೇಟಿಗೆ ಸಾಯುತ್ತಾನೋ ಕಿವಿನೋವಿಗೋ ಹೇಳುವುದು ಕಷ್ಟ. ಆದರೆ ನೀರಿನೊಳಗಿನ ಹಂತಗಳಿಗೆ ಸಂಗೀತ ಮಾಡಿದವರನ್ನು ಮರೆಯುವಂತಿಲ್ಲ. ಬೇಸಿಗೆಯಲ್ಲಿ ಬತ್ತಿದ ಕಾಗಿಣಾ ನದಿಯನ್ನು ನೋಡಿ ಬೆಳೆದ ನನಗೆ ಆಳದ ನೀರು ಹೇಗಿರುತ್ತದೆಂದು ತಿಳಿಸಿದ್ದು ಅವರೇ. ಇನ್ನು, ಸಂಗೀತಗಾರರ ನಿಜವಾದ ಗುಣ ತಿಳಿಯುವುದು ಆಟಗಾರ ಸೋತಾಗ. ಕೆಲವರು ಹಂಗಿಸುವಂತೆ ನುಡಿಸುತ್ತಾರೆ, ಕೆಲವರು ಶವಯಾತ್ರೆ ಹೊರಡಿಸುತ್ತಾರೆ. ಒಬ್ಬಿಬ್ಬರು ಮಾತ್ರ 'ಇರಲಿ, ಮತ್ತೆ ಬಾ' ಎನ್ನುವ ಹಾಗೆ ನಾಲ್ಕು ಸ್ವರ ನುಡಿಸಿ ಬೆನ್ನು ಸವರುತ್ತಾರೆ. ಹೆಚ್ಚು ಸೋಲುವವಳಾದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ರಾಗವೊಂದಿದೆ. ಹಿಮದಲ್ಲಿ ಲಾಟೀನು ಹಿಡಿದು ನಡೆಯುವವಳ ಆಟ ಅದು. ನಡುದಾರಿಯಲ್ಲಿ ಒಂದು ಗುಡಿಸಲು, ಒಳಗೆ ಬೆಂಕಿ. ನಡೆಯುವವಳು ಬೆಂಕಿಯ ಮುಂದೆ ಕೂರುತ್ತಾಳೆ. ಅಲ್ಲಿ ಶತ್ರುಗಳಿಲ್ಲ, ಗೆಲ್ಲುವುದು ಏನೂ ಇಲ್ಲ. ಒಂದು ರಾಗ ಮಾತ್ರ ಇದೆ. ಅದರ ಕೊನೆಯ ಸ್ವರವನ್ನು ಮೊದಲನೆಯದಕ್ಕೆ ಎಷ್ಟು ನಯವಾಗಿ ಹೊಸೆದಿದ್ದಾರೆಂದರೆ, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ನಡೆಯುವವಳು ಎದ್ದು ನಿಂತಾಗ ಮಾತ್ರ ಅದು ತಾನಾಗಿ ಕರಗುತ್ತದೆ. ಅದನ್ನು ಮಾಡಿದವಳು ದೂರದ ದೇಶದ ಒಬ್ಬ ಹೆಂಗಸು. ಎಷ್ಟೋ ಸಲ ಬಿದ್ದೆದ್ದು ಆಟ ಮುಗಿಸಿದ ಮೇಲೆ ಉದ್ದಕ್ಕೆ ಸರಿಯುವ ಹೆಸರುಗಳಲ್ಲಿ, ಲೆಕ್ಕಪತ್ರದವರೆಲ್ಲ ಆದ ಮೇಲೆ, ಅವಳ ಹೆಸರು ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದು ಸರಿದು ಹೋಗುವವರೆಗೆ ನಾನು ಫೋನು ಕೆಳಗಿಡುವುದಿಲ್ಲ.

ಈ ಬೆಂಕಿಯ ರಾಗವನ್ನು ಒಮ್ಮೆಯಾದರೂ ಗಟ್ಟಿಯಾಗಿ, ಕೋಣೆ ತುಂಬುವಂತೆ ಕೇಳಬೇಕೆಂಬ ಆಸೆಯಿಂದಲೇ ನಾನು ಗುಟ್ಟಾಗಿ ಬೇರೆ ರೂಮು ಹುಡುಕಿದ್ದು. ಸ್ಟೇಷನ್ ರಸ್ತೆಯಲ್ಲಿ ಒಂದು ಸಿಕ್ಕಿತು. ಮಾಲೀಕರು ಹಿರಿಯರು, ಗೋಡೆಯನ್ನು ಅಂಗೈಯಿಂದ ಬಡಿದು ತೋರಿಸಿದರು. "ನೋಡ್ರಿ ಮೇಡಂ, ಶಹಾಬಾದ್ ಕಲ್ಲಿನ ಗ್ವಾಡಿ. ಒಳಗ ಡೊಳ್ಳು ಬಾರಿಸಿದ್ರೂ ಹೊರಗ ಸುದ್ದಿ ಇಲ್ಲ. ಕೀಲಿ ಇಟ್ಕೊಳ್ರಿ, ಆರಾಮಾಗಿ ವಿಚಾರ ಮಾಡ್ರಿ." ಕೀಲಿ ಚೀಲದ ತಳ ಸೇರಿತು. ದೊಡ್ಡವ್ವನಿಗೆ ಹೇಳುವುದೊಂದು ಬಾಕಿ ಉಳಿಯಿತು.

ಆದರೆ ಆಗ ದೊಡ್ಡವ್ವನ ತಲೆಯಲ್ಲಿ ಬೇರೆಯೇ ಚಿಂತೆಯಿತ್ತು. ಅವಳು ಓಣಿಯ ಹೆಂಗಸರು ಸೇರಿ ವಚನ ಹಾಡುವ 'ಅಕ್ಕನ ಬಳಗ'ದ ಮುಖ್ಯಸ್ಥೆ. ತಿಂಗಳಿಗೊಮ್ಮೆ ಮಠದ ಗೋಷ್ಠಿಯಲ್ಲಿ ಸೇಡಂ, ಚಿತ್ತಾಪುರ, ಶಹಾಬಾದಿನ ಹೆಂಗಸರ ಬಳಗಗಳು ವಚನ ಹಾಡುತ್ತವೆ. ನಮ್ಮ ಬಳಗಕ್ಕೆ ರಾಗ ಕೂಡಿಸಿಕೊಡುತ್ತಿದ್ದ ಟೀಚರಮ್ಮ ಮಗಳ ಮನೆಗೆ ರಾಯಚೂರಿಗೆ ಹೋದಮೇಲೆ, ಇವರು ಎಲ್ಲ ವಚನಗಳನ್ನೂ ಒಂದೇ ರಾಗದಲ್ಲಿ ಹಾಡತೊಡಗಿದ್ದರು. ಹೋದ ತಿಂಗಳು ಶಹಾಬಾದಿನ ಈರಮ್ಮ ಎಲ್ಲರ ಮುಂದೆ, "ನಿಮ್ಮ ಬಳಗದಾಗ ಭಾಳ ಒಗ್ಗಟ್ಟು ಅದ ನೋಡ್ರಿ ಗಂಗಮ್ಮಾರ. ಶರಣರು ಎಷ್ಟೇ ಮಂದಿ ಇರ್ಲಿ, ರಾಗ ಒಂದೇ!" ಎಂದಿದ್ದಳು. ದೊಡ್ಡವ್ವ ಆ ದಿನ ಮನೆಗೆ ಬಂದು ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದಳು. ಮುಂದಿನ ಗೋಷ್ಠಿಗೆ ಹೊಸ ರಾಗ ಸಿಗದಿದ್ದರೆ ಬಳಗವನ್ನೇ ಬೇರೆಯವರಿಗೆ ಒಪ್ಪಿಸುವುದಾಗಿ ಹೇಳಿದಳು.

ಅಂಥದ್ದರಲ್ಲಿ ಒಂದು ಭಾನುವಾರ ನನ್ನ ಇಯರ್‌ಫೋನಿನ ಚಾರ್ಜು ಮುಗಿಯಿತು. ನನ್ನ ಫೋನು ಯಾರನ್ನೂ ಕೇಳದೆ ಅಡುಗೆಮನೆಯ ಕಟ್ಟೆಯ ಮೇಲಿದ್ದ, ದೊಡ್ಡವ್ವ ಪ್ರವಚನ ಕೇಳುವ ಸ್ಪೀಕರಿಗೆ ತಾನೇ ಹೋಗಿ ಜೋಡಿಕೊಂಡಿತು. ಪ್ಲೈವುಡ್ಡಿನ ಆಚೆ ಹಿಮದ ಗುಡಿಸಲಿನ ರಾಗ ಮೊಳಗಿತು. ನಾನು ಓಡಿ ಹೋಗುವಷ್ಟರಲ್ಲಿ ದೊಡ್ಡವ್ವ ಸ್ಪೀಕರಿನ ಮುಂದೆ, ಬೇಳೆಗೆ ಅರಿಶಿಣ ಹಾಕುವುದನ್ನು ಮರೆತು ನಿಂತಿದ್ದಳು.

"ಏ ವಿಜೀ, ಇದು ಯಾರ ಸ್ವರವಚನ ಅದ?"

"ಸುಮ್ನ... ಒಂದು ರಾಗ, ದೊಡ್ಡವ್ವ," ಎಂದು ಬಂದ್ ಮಾಡಿದೆ.

"ಬಂದ್ ಯಾಕ ಮಾಡ್ದಿ? ಹಚ್ಚು, ಹಚ್ಚು!"

ಆಮೇಲೆ ದಿನಕ್ಕೆರಡು ಸಲ ನನ್ನ ಕೋಣೆಗೆ ಬಂದು, ನನ್ನ ಎಡಗಿವಿಯಿಂದ ಇಯರ್‌ಫೋನನ್ನು ತನ್ನ ಹಳದಿ ಬೆರಳಲ್ಲೇ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡು ರಾಗ ಕಲಿತಳು. ಕಲೆ ಆಗಿನದ್ದು.

ಪಡಸಾಲೆಯಲ್ಲಿ ಬಳಗದ ಅಭ್ಯಾಸ ಶುರುವಾಯಿತು. ವಚನ ಆ ರಾಗದೊಳಗೆ ಸ್ವಂತ ಮನೆಗೆ ಬಂದಷ್ಟು ಸಲೀಸಾಗಿ ಕೂತಿತು. ಹಲಗೆಯ ಈಚೆ ಕೂತು ಕೇಳುತ್ತಿದ್ದ ನನಗೆ ಮಾತ್ರ ಒಂದು ದೋಷ ಕಂಡಿತು: ಹಾಡು ಮುಗಿಯುತ್ತಿರಲಿಲ್ಲ. ಕೊನೆಯ ಸಾಲಿಗೆ ಬರುತ್ತಲೇ ರಾಗ ಅವರನ್ನು ಕೈಹಿಡಿದು ಮೊದಲ ಸಾಲಿಗೆ ಕರೆದೊಯ್ಯುತ್ತಿತ್ತು. ಮನೆಯಲ್ಲಿ ಕುಕ್ಕರು ಕೂಗುತ್ತದೆ, ತಾಳ ಹಾಕುವ ಕಮಲಮ್ಮನಿಗೆ ಸೊಸೆಯ ಫೋನು ಬರುತ್ತದೆ, ಹಾಡು ತಾನಾಗಿ ನಿಲ್ಲುತ್ತದೆ; ಹಾಗಾಗಿ ದೋಷ ಯಾರಿಗೂ ಗೊತ್ತಾಗಲಿಲ್ಲ. ಮಠದಲ್ಲಿ ಕುಕ್ಕರು ಇರುವುದಿಲ್ಲ. ಇದನ್ನು ಹೇಳಬೇಕಾದರೆ ರಾಗ ಎಲ್ಲಿಂದ ಬಂತೆಂದೂ ಹೇಳಬೇಕು. ನಾನು ಹೇಳಲಿಲ್ಲ.

ಗೋಷ್ಠಿಯ ದಿನ ಮಠದ ಫರಸಿ ಕಲ್ಲಿನ ನೆಲದ ಮೇಲೆ ಜಮಖಾನೆ ಹಾಸಿತ್ತು. ನಾನು ಹೆಂಗಸರ ನಡುವೆ, ಮೂರನೆಯ ಸಾಲಿನಲ್ಲಿದ್ದೆ. ಮೊದಲ ಸುತ್ತಿಗೆ ತಲೆಗಳು ತೂಗಿದವು. ಎರಡನೆಯದಕ್ಕೆ ಸ್ವಾಮಿಗಳು ಕಣ್ಣು ಮುಚ್ಚಿದರು. ನಾಲ್ಕನೆಯದಕ್ಕೆ ಕಣ್ಣು ತೆರೆದರು. ಮುಗಿಸಬೇಕೆಂದು ದೊಡ್ಡವ್ವ ದನಿ ಇಳಿಸಿದರೆ, ಹಿಂದಿನವರು ರಾಗದ ಸೆಳೆತಕ್ಕೆ ಮತ್ತೆ ಎತ್ತಿಕೊಳ್ಳುತ್ತಿದ್ದರು. ಅವರು ಇಳಿಸಿದರೆ ಇವಳು. ಗಾಬರಿಗೆ ಕಮಲಮ್ಮನ ತಾಳ ಓಡತೊಡಗಿತು. ಹಿಮದಲ್ಲಿ ಮೆಲ್ಲಗೆ ನಡೆಯುತ್ತಿದ್ದ ರಾಗ ಈಗ ರೈಲು ತಪ್ಪೀತೆಂದು ಹೆದರಿದವರ ಹಾಗೆ ಓಡುತ್ತಿತ್ತು. ನನ್ನ ಹಿಂದಿನಿಂದ ಈರಮ್ಮನ ಪಿಸುಮಾತು ಕೇಳಿತು: "ರಾಗೇನೋ ಹೊಸದ ತಂದಾರ. ಬ್ರೇಕ್ ಅಂಗಡ್ಯಾಗ ಬಿಟ್ಟು ಬಂದಾರ!" ಸುತ್ತ ಸೆರಗುಗಳು ಬಾಯಿಗೆ ಹೋದವು. ದೊಡ್ಡವ್ವನ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಗಿತ್ತು. ಅವಳು ಹಾಡುತ್ತಲೇ ಅಷ್ಟು ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು.

ಆ ರಾಗ ಹೇಗೆ ಮುಗಿಯುತ್ತದೆ ಎಂಬುದು ಆ ಮಠದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬೆಂಕಿಯ ಮುಂದೆ ಕೂತವಳು ಏಳಬೇಕು. ಕಾಲೇಜಿನಲ್ಲಿ ಹಾಜರಿ ಕೂಗಿದರೂ ಕೂತಲ್ಲಿಂದಲೇ ಕೈಯೆತ್ತುತ್ತಿದ್ದ ನಾನು ಎದ್ದು ನಿಂತೆ. ಏನು ಮಾಡಬೇಕೆಂದು ತೋಚದೆ ಕೈ ಮುಗಿದೆ. ಮಂಗಳಾರತಿ ಶುರುವಾಯಿತೆಂದು ನನ್ನ ಸಾಲಿನವರು ಎದ್ದರು. ಅವರನ್ನು ನೋಡಿ ಹಿಂದಿನವರು, ಕೊನೆಗೆ ಸ್ವಾಮಿಗಳೂ ಎದ್ದರು. ಇಡೀ ಮಠ ಎದ್ದು ನಿಂತ ಸದ್ದಿನಲ್ಲಿ ಹಾಡು ಕರಗಿಹೋಯಿತು.

"ಬಿಟ್ಟು ಏಳಲಿಕ್ಕೆ ಮನಸ್ಸು ಬರದಂಥ ರಾಗ," ಎಂದರು ಸ್ವಾಮಿಗಳು ನಗುತ್ತ. "ಯಾರು ಕೂಡಿಸ್ಯಾರ?"

ದೊಡ್ಡವ್ವ ಒಂದು ಕ್ಷಣವೂ ತಡೆಯದೆ, "ನಮ್ಮ ವಿಜೀರಿ, ನನ್ನ ತಂಗೀ ಮಗಳು," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಈರಮ್ಮನೂ ತಟ್ಟಿದಳು. ಸಣ್ಣ ಅಕ್ಷರದ ಒಂದು ಹೆಸರಿಗಾಗಿ ಕೊನೆಯವರೆಗೆ ಕಾಯುವ ನಾನು, ಆ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿಸಿಕೊಂಡು ನಿಂತಿದ್ದೆ. ಮನೆಗೆ ನಡೆಯುವಾಗ ಮೊದಲ ತಿರುವಿನಲ್ಲೇ ಬಾಯಿಬಿಟ್ಟೆ.

"ದೊಡ್ಡವ್ವ, ಆ ರಾಗ ನಂದಲ್ಲ."

"ನನಗ ಗೊತ್ತಿಲ್ಲೇನು? ಜೋಗುಳ ಸುದ್ದಾ ಬರಂಗಿಲ್ಲ ನಿನಗ. ಈರಮ್ಮನ ಮುಂದ ಮತ್ತೇನ್ ಹೇಳ್ಲಿ? ಯಾರದದು?"

"ಫೋನಿನ್ಯಾಗ ಆಡೋ ಒಂದು ಆಟದ್ದು. ಮಾಡಿದಾಕಿ ಯಾವದೋ ದೂರದ ದೇಶದಾಕಿ. ನಾ ದಿನಾ ಕೇಳೋದು ಅದೇ. ಕ್ಲಾಸು ಇಲ್ಲ ಏನಿಲ್ಲ."

ದೊಡ್ಡವ್ವ ನಡುರಸ್ತೆಯಲ್ಲಿ ನಿಂತುಬಿಟ್ಟಳು. "ಏನಂದಿ? ಕ್ಲಾಸು ಇಲ್ಲ? ಎರಡು ವರ್ಷ ಆತು, ನಿನ್ನ ಕ್ಲಾಸು ಕೆಡಬಾರದಂತ ನಾ ಟಿವಿ ಸಪ್ಪಳ ಬಂದ್ ಮಾಡಿ ನೋಡ್ಲಿಕತ್ತೀನಿ! ಬರೇ ಬಾಯಿ ಅಲುಗೋದು ನೋಡಿ ಕತಿ ತಿಳ್ಕೊಂಡೀನಿ. ಆ ದೊಡ್ಡ ಸೊಸಿ ಕೆಟ್ಟಾಕಿಯೋ ಛಲೋದಾಕಿಯೋ ಇನ್ನಾ ಗೊತ್ತಿಲ್ಲ ನನಗ!"

ಒಳ್ಳೆಯ ಕಿವಿ ಎಂದು ನಾನು ಮೆಚ್ಚಿಕೊಂಡಿದ್ದು ಇದನ್ನೇ. ಮತ್ತೆ ನಡೆಯತೊಡಗಿದೆವು. ಆಮೇಲೆ ಅವಳೇ ಕೇಳಿದಳು.

"ಅಲ್ಲಾ, ಆಕಿ ಅಷ್ಟು ಛಂದ ರಾಗ ಮಾಡ್ಯಾಳ, ಕೊನಿ ಯಾಕ ಮಾಡ್ಲಿಲ್ಲ?"

"ಬಂದು ಕುಂತವರು ಎಷ್ಟೊತ್ತು ಕೂಡ್ತಾರಂತ ಆಕಿಗಿ ಗೊತ್ತಿರಂಗಿಲ್ಲ, ದೊಡ್ಡವ್ವ. ಅವರು ಏಳೋತನಕ ರಾಗ ಇರಬೇಕು."

"ಹಂಗಾದ್ರ ಶಾಣ್ಯಾಕಿ ಅದಾಳ," ಎಂದಳು ದೊಡ್ಡವ್ವ. "ಮನಿಗಿ ಬಂದವರಿಗಿ ನಾವಾಗಿ ಏಳ್ರಿ ಅನ್ನಬಾರದು."

ಚೀಲದ ತಳದಲ್ಲಿ ಕೀಲಿ ಇತ್ತು. ನಾನು ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡೆ. ಆ ಸಂಜೆ ದೊಡ್ಡವ್ವ ಎರಡು ವರ್ಷದ ಸದ್ದನ್ನು ಬಡ್ಡಿಸಹಿತ ವಸೂಲಿ ಮಾಡಿದಳು. ದೊಡ್ಡ ಸೊಸೆ ಕೆಟ್ಟವಳೇ ಎಂದು ಖಚಿತವಾಯಿತು. ಅತ್ತೆ ಕಣ್ಣು ಬಿಟ್ಟಾಗಲೆಲ್ಲ ಪ್ಲೈವುಡ್ಡು ಮೂರು ಸಲ ನಡುಗಿತು; ಆ ಸಂಗೀತಗಾರನ ಬಗ್ಗೆ ನನ್ನ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸ್ಟೇಷನ್ ರಸ್ತೆಗೆ ಹೋಗಿ ಕೀಲಿ ವಾಪಸು ಕೊಟ್ಟೆ. ಮಾಲೀಕರಿಗೆ ನಿಜಕ್ಕೂ ಬೇಜಾರಾಯಿತು. ರೂಮಿನಲ್ಲಿ ಏನು ಕೊರತೆ ಕಂಡಿರಿ, ನೀರು ಇದೆ, ಬೆಳಕಿದೆ, ಹೇಳಿದರೆ ಸರಿಮಾಡಿಸುತ್ತೇನೆ ಎಂದರು. ನಿಖರವಾಗಿ ಉತ್ತರಿಸುವುದು ನನ್ನ ಕೆಲಸದ ರೂಢಿ.

"ಗ್ವಾಡಿ ಭಾಳ ದಪ್ಪ ಅದಾವ್ರಿ," ಎಂದೆ.